ಮೂರು ಕೊಟೇಷನ್ನು, ಒಂದು ವಡೆ

ಮೂರು ಬೇರೆ ಬೇರೆ ಊರಿನ ಮೂರು ಅಂಗಡಿಯವರು. ಒಬ್ಬರಿಗೊಬ್ಬರು ತಿಳಿಯದ ಹಾಗೆ ತಮ್ಮ ತಮ್ಮ ರೇಟು ಬರೆದು, ಕವರಿನಲ್ಲಿಟ್ಟು, ಪಂಚಾಯಿತಿಗೆ ಕೊಡಬೇಕು. ಹಾಗಿರುವಾಗ ಆ ಮೂರೂ ಕಾಗದದ ಮೇಲೆ ಒಂದೇ ವಡೆಯ ಎಣ್ಣೆ ಕಲೆ ಬಿದ್ದದ್ದು ಹೇಗೆ?

ಒಗಟು ಕೇಳುತ್ತಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಕಾಗದ ತಂದವನು ನನ್ನ ಮೈದುನ ರವಿ. ಪಕ್ಕದಲ್ಲಿ ಕೂತು ವಡೆ ತಿನ್ನುತ್ತಿದ್ದವಳು ನಾನು.

ಪ್ರತಿವಾರ ಪತ್ರಿಕೆಯ ಈ ಜಾಗದಲ್ಲಿ ನಾನು ಯಾರನ್ನಾದರೂ ಬೈಯುತ್ತೇನೆ ಅಂತ ನಿಮಗೆ ಗೊತ್ತು. ರಸ್ತೆ ಅಗೆದವರನ್ನು, ಅಗೆದು ಮುಚ್ಚದವರನ್ನು, ಮುಚ್ಚಿದ್ದನ್ನು ಮತ್ತೆ ಅಗೆದವರನ್ನು. (ಹೋದ ವಾರ ಬೈಸಿಕೊಂಡವರು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಇರಲಿ.) ಈ ವಾರ ಮಾತ್ರ ಬೈಗುಳಕ್ಕೆ ರಜೆ. ಕೆಲವರಿಗೆ ನಾನು ಥ್ಯಾಂಕ್ಸ್ ಹೇಳುವುದಿದೆ. ಆ ಕೆಲವರಲ್ಲಿ ವಡೆಯೂ ಸೇರಿದೆ.

ನನ್ನ ಗಂಡನ ತಮ್ಮ ರವಿಗೆ ಮದ್ದೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಬಲ್ಬು, ವೈರು, ಸ್ವಿಚ್ಚು, ಬೀದಿದೀಪ ಎಲ್ಲ ಇಟ್ಟಿದ್ದಾನೆ. ಒಳ್ಳೆಯ ಹುಡುಗ. ಮಂಡ್ಯದ ನಮ್ಮ ಮನೆಯಲ್ಲಿ ಫ್ಯೂಸ್ ಹೋಯಿತು ಅಂದರೆ ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಾನೆ. ಇನ್ನೊಂದು ಕಡೆ ನನ್ನ ಅಣ್ಣನ ಹೆಂಡತಿ ಜಯತ್ತಿಗೆ. ನನ್ನ ತವರೂರಿನ ಗ್ರಾಮ ಪಂಚಾಯಿತಿಗೆ ಅವರು ಅಧ್ಯಕ್ಷೆ. ಮಳವಳ್ಳಿಯಿಂದ ಬ್ಲಫ್ ಕಡೆ ಹೋಗುವ ಬಸ್ಸು ಹತ್ತಿದರೆ ನಡುವೆ ನಮ್ಮೂರು ಸಿಗುತ್ತದೆ. ಅಲ್ಲೇ ಹತ್ತಿರದ ಬ್ಲಫ್ ಪವರ್ ಹೌಸಿನಲ್ಲಿ ಕರೆಂಟು ಹುಟ್ಟುತ್ತದೆ. ನಮ್ಮೂರ ರಸ್ತೆ ಮಾತ್ರ ಕತ್ತಲೆ.

ಅಧ್ಯಕ್ಷೆ ಅಂದ ತಕ್ಷಣ ನೀವು ಏನು ಕೇಳುತ್ತೀರಿ ಅಂತ ಗೊತ್ತು. ನಡೆಸುವುದೆಲ್ಲ ಗಂಡ ತಾನೆ? ಊರಿನವರೂ ಹಾಗೇ ಅಂದುಕೊಂಡಿದ್ದರು. ನಮ್ಮಣ್ಣನೂ ಹಾಗೇ ಅಂದುಕೊಂಡಿದ್ದ, ಪಾಪ. ಮೊದಲ ಮೀಟಿಂಗಿಗೆ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತೇಬಿಟ್ಟ. ಜಯತ್ತಿಗೆ ಎಲ್ಲರ ಮುಂದೆ ಮೆಲ್ಲಗೆ ಅಂದರಂತೆ, "ರೀ, ಅದು ನನ್ ಕುರ್ಚಿ ಕಣ್ರೀ. ನಿಮ್ದು ಮನೇಲೈತೆ." ಅವತ್ತಿನಿಂದ ಅಣ್ಣ ಪಂಚಾಯಿತಿ ಕಡೆ ತಲೆ ಹಾಕಿಲ್ಲ. ಬಿಳಿ ಷರಟು ಮದುವೆ ಮನೆಗಳಿಗೆ ಉಪಯೋಗವಾಗುತ್ತಿದೆ.

ಈಗ ಆ ಕತ್ತಲೆ ರಸ್ತೆ. ಬಸ್ಸು ನಿಲ್ಲುವ ಜಾಗದಿಂದ ಊರಿಗೆ ಒಳದಾರಿ. ಎರಡೂ ಕಡೆ ಆಳೆತ್ತರದ ಕಬ್ಬು. ಕಬ್ಬಿನಲ್ಲಿ ಚಿರತೆ ಕಂಡಿತು ಅಂತ ಯಾರಾದರೂ ವಾಟ್ಸಾಪಿನಲ್ಲಿ ಹಾಕಿದರೆ ಸಾಕು, ಸಂಜೆ ಆದಮೇಲೆ ಗಂಡಸರೂ ಒಬ್ಬೊಬ್ಬರೇ ಓಡಾಡುವುದಿಲ್ಲ. ಆ ದಾರಿಯಲ್ಲೇ ಮಳವಳ್ಳಿ ಕಾಲೇಜಿಗೆ ಹೋದ ಹೆಣ್ಣುಮಕ್ಕಳು ಸಂಜೆ ಬಸ್ಸಿಳಿದು ನಡೆದು ಬರಬೇಕು.

ದೀಪ ಇರಲಿಲ್ಲ ಅಂತಲ್ಲ. ಹಿಂದಿನ ಅವಧಿಯಲ್ಲಿ ಕಂಬಕ್ಕೊಂದು ದೀಪ ಹಾಕಿಸಿದ್ದರು. ಒಂದು ಮಳೆಗಾಲವೂ ಬಾಳಲಿಲ್ಲ. ಕೇಳಿದರೆ 'ವೋಲ್ಟೇಜು' ಅಂದರು. ನಮ್ಮ ಕಡೆ ಪಂಚಾಯಿತಿ ದೀಪ ಕೆಟ್ಟರೆ ತಪ್ಪು ಯಾವಾಗಲೂ ವೋಲ್ಟೇಜಿನದೇ. ಅದೇ ಕಂಬದಿಂದ ಕರೆಂಟು ತಗೊಂಡ ಮನೆಯ ಜಗಲಿ ಬಲ್ಬು ವರ್ಷಗಟ್ಟಲೆ ಉರಿಯುತ್ತಿರುತ್ತದಲ್ಲ, ಅದಕ್ಕೆ ಯಾವ ವೋಲ್ಟೇಜು?

ಜಯತ್ತಿಗೆ ಹೊಸ ದೀಪ ಹಾಕಿಸುತ್ತಾರೆ ಅನ್ನುವ ಸುದ್ದಿ ಮದ್ದೂರಿಗೆ ತಲುಪಿತು. ರವಿ ಫೋನ್ ಮಾಡಿದ.

"ಅತ್ತಿಗೆ, ನೀವೇನೂ ಏಳ್ಬೇಡಿ. ಸುಮ್ನೆ ನನ್ ಜೊತೇಲಿ ಬಂದು ಕೂತ್ಕಳಿ, ಅಷ್ಟು ಸಾಕು."

ಪಕ್ಕದಲ್ಲಿದ್ದ ನನ್ನ ಗಂಡ ಒಗ್ಗರಣೆ ಹಾಕಿದರು. "ನಮ್ಮೋರಿಗೆ ಅಂತ ಇಷ್ಟೂ ಮಾಡ್ದಿದ್ರೆ ಹೆಂಗೆ?"

ನನಗೂ ತಪ್ಪು ಅನ್ನಿಸಲಿಲ್ಲ. ದೀಪವನ್ನು ಯಾರೋ ಒಬ್ಬರಿಂದ ಕೊಳ್ಳಲೇಬೇಕು. ಆ ಯಾರೋ ಒಬ್ಬ ರವಿ ಯಾಕಾಗಬಾರದು? (ನೀವಾಗಿದ್ದರೆ ಬೇರೆ ಥರ ಯೋಚಿಸುತ್ತಿದ್ದಿರಾ? ನಿಜ ಹೇಳಿ.)

ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಒಂದು ಭಾನುವಾರ ಮಂಡ್ಯದಿಂದ ಮದ್ದೂರಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ರವಿಯ ವ್ಯಾನು. ಮದ್ದೂರಿನಲ್ಲಿ ಅಂಗಡಿ ಇಟ್ಟುಕೊಂಡವನು ವಡೆ ಇಲ್ಲದೆ ನೆಂಟರ ಮನೆಗೆ ಹೋಗುವುದುಂಟೆ? ಬಿಸಿಬಿಸಿ ವಡೆ ಕಟ್ಟಿಸಿದ. ಸೀಟಿನ ಮೇಲಿದ್ದ ಬಟ್ಟೆ ಚೀಲದೊಳಗೆ ಪೊಟ್ಟಣ ಇಟ್ಟ. ಚೀಲದ ತಳದಲ್ಲಿ ಉದ್ದನೆಯ ಕವರುಗಳು ಕಂಡವು.

"ಮೂರು ಕವರ್ ಯಾಕೋ?"

"ಮೂರ್ ಕೊಟೇಷನ್ ಬೇಕಲ್ವಾ ಅತ್ತಿಗೆ? ರೂಲ್ಸು."

"ಮಿಕ್ಕ ಇಬ್ಬರು ಅವರವರೇ ತಂದು ಕೊಡಲ್ವಾ?"

ರವಿ ನನ್ನನ್ನು ಕನಿಕರದಿಂದ ನೋಡಿದ. ಇಷ್ಟು ವರ್ಷ ಪತ್ರಿಕೆಯಲ್ಲಿ ಬರೆದೂ ಇವರಿಗೆ ಏನೂ ಗೊತ್ತಿಲ್ಲವಲ್ಲ ಅನ್ನುವ ನೋಟ ಅದು. ಆಮೇಲೆ ವಿವರಿಸಿದ. ಪಂಚಾಯಿತಿ ಸಣ್ಣಪುಟ್ಟದ್ದು ಏನೇ ಕೊಂಡರೂ ಮೂರು ಅಂಗಡಿಯ ರೇಟು ತರಿಸಿ, ಕಡಿಮೆ ಇದ್ದವರಿಗೆ ಆರ್ಡರ್ ಕೊಡಬೇಕು. ಇದು ಕಾನೂನು. ಆರ್ಡರ್ ಯಾರಿಗೆ ಅಂತ ಮೊದಲೇ ಮಾತಾಗಿರುತ್ತದಲ್ಲ, ಅವನೇ ಮೂರೂ ತರಬೇಕು. ಇದು ಪದ್ಧತಿ. ತನ್ನದೊಂದು, ಸ್ನೇಹಿತರ ಲೆಟರ್‌ಹೆಡ್ಡಿನಲ್ಲಿ ಇನ್ನೆರಡು. ಸ್ನೇಹಿತರ ರೇಟು ತನ್ನದಕ್ಕಿಂತ ಒಂಚೂರು ಹೆಚ್ಚಿರಬೇಕು, ಅಷ್ಟೆ. ನಾಳೆ ಆ ಸ್ನೇಹಿತರಿಗೆ ಬೇರೆ ಕಡೆ ಆರ್ಡರ್ ಬಂದಾಗ ಇವನ ಲೆಟರ್‌ಹೆಡ್ಡು ಅವರ ಕೈಗೆ. ಮದುವೆಗೆ ಪಕ್ಕದ ಮನೆಯ ಕೊಳಗ ಈಸಿಕೊಂಡು ಬಂದ ಹಾಗೆ. ಈ ಸಲ ನಿಮ್ಮದು ನಮಗೆ, ಮುಂದಿನ ಸಲ ನಮ್ಮದು ನಿಮಗೆ.

"ಮೋಸ ಅಲ್ವೇನೋ ಇದು?"

"ಮೋಸ ಯಾಕಾಯ್ತದೆ? ಮಾಲು ಕೊಡಲ್ವಾ ನಾವು?"

ನಾನು ಪೊಟ್ಟಣ ಬಿಚ್ಚಿದೆ. ವಡೆ ಇನ್ನೂ ಬಿಸಿಯಾಗಿತ್ತು. ಒಂದು ತೆಗೆದು ತಿಂದೆ.

ಜಯತ್ತಿಗೆ ಜಗಲಿಯ ಮೇಲೆ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಕೈಗೆಲ್ಲ ಎಣ್ಣೆ ಸವರಿಕೊಂಡಿದ್ದರು. ಕೈ ತೊಳೆದು ಬಂದು ಕೂತು, ಕುಶಲ ಕೇಳಿ, ತೊಳೆ ತಿನ್ನಿಸಿ, ಆಮೇಲೆ ಚೀಲಕ್ಕೆ ಕೈ ಹಾಕಿದರು. ಮೊದಲು ವಡೆ ಬಂತು. ಅದರ ಹಿಂದೆ ಕವರು. ಒಂದೊಂದೇ ಬಿಚ್ಚಿ ಮೂರೂ ಕಾಗದ ಬಿಸಿಲಿಗೆ ಹರಡಿದರು.

ಮದ್ದೂರಿನ ಅಂಗಡಿಯ ಕೊಟೇಷನ್ ಮೇಲೆ ಅಂಗೈಯಗಲ ಎಣ್ಣೆ. ಮಂಡ್ಯದ ಅಂಗಡಿಯದರ ಮೇಲೆ, ಅದೇ ಜಾಗದಲ್ಲಿ, ಅದಕ್ಕಿಂತ ಚಿಕ್ಕದು. ಮಳವಳ್ಳಿ ಅಂಗಡಿಯದರ ಮೇಲೆ, ಅದೇ ಜಾಗದಲ್ಲಿ, ಕಡಲೆಬೀಜದಷ್ಟು.

ಜಯತ್ತಿಗೆ ಒಂದೊಂದನ್ನೂ ಎತ್ತಿ ಮೂಸಿದರು. "ಏನ್ ರವಿ, ಮೂರು ಅಂಗ್ಡಿಯೋರೂ ಒಂದೇ ವಡೆ ಅಂಚ್ಕಂಡ್ ತಿಂದವ್ರಾ?"

ರವಿ ನನ್ನ ಮುಖ ನೋಡಿದ. ನಾನು ಹಲಸಿನ ಮರ ನೋಡಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಫೋನ್ ತಗೊಂಡು, ಮಂಡ್ಯದ ಲೆಟರ್‌ಹೆಡ್ಡಿನ ಮೇಲಿದ್ದ ನಂಬರ್ ಒತ್ತಿ, ಸ್ಪೀಕರ್ ಆನ್ ಮಾಡಿ ಜಗಲಿಯ ಮೇಲಿಟ್ಟರು. ರವಿ "ಅಕ್ಕಾ, ಅಕ್ಕಾ" ಅನ್ನುವಷ್ಟರಲ್ಲಿ ಆ ಕಡೆಯಿಂದ ಹಲೋ ಬಂದೇಬಿಟ್ಟಿತು.

"ನಮಸ್ಕಾರ ಸಾರ್. ನಾನು ಮಳವಳ್ಳಿ ತಾಲೂಕಿಂದ, ಪಂಚಾಯ್ತಿ ಅಧ್ಯಕ್ಷೆ ಮಾತಾಡ್ತಿರೋದು. ಬೀದಿದೀಪಕ್ಕೆ ಕೊಟೇಷನ್ ಕೊಟ್ಟಿದ್ದೀರಲ್ಲ?"

"ಯಾವ ಪಂಚಾಯ್ತಿ ಮೇಡಂ? ನಾನು ಕೊಟ್ಟಿಲ್ವಲ್ಲ."

"ನಿಮ್ ಲೆಟರ್‌ಹೆಡ್ಡು, ನಿಮ್ ಸೀಲು, ಎಲ್ಲಾ ಐತೆ."

"ಓ. ಮದ್ದೂರು ರವಿಯವರು ತಗೊಂಡು ಹೋಗಿರ್ಬೇಕು. ಅವರೇ ಬರ್ಕೋತಾರೆ ಮೇಡಂ."

"ಅಂಗಾರೆ ನಿಮ್ ರೇಟು ನಿಮ್ಗೇ ಗೊತ್ತಿಲ್ಲ."

"ಇಲ್ಲ ಮೇಡಂ."

"ಸರಿ. ಇನ್ನೊಂದು ಬರ್ದು ಕೊಡಿ. ನಿಜವಾದ್ದು."

ಅದಕ್ಕೆ ಆ ಮನುಷ್ಯ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಮೇಡಂ, ಅಂಗಡಿ ಇಟ್ಟಾಗಿಂದ ಪಂಚಾಯ್ತಿಗೆ ಅಂತ ಎಲ್ಲರೂ ನನ್ನ ಹತ್ರ ಲೆಟರ್‌ಹೆಡ್ಡೇ ಕೇಳಿದ್ದು. ರೇಟು ಯಾರೂ ಕೇಳಿರಲಿಲ್ಲ."

ಫೋನ್ ಇಟ್ಟಮೇಲೆ ಜಯತ್ತಿಗೆ ರವಿಯ ಕಡೆ ತಿರುಗಿದರು. "ನೀನೂ ಕೊಡು ಕಣಪ್ಪ, ಬ್ಯಾಡ ಅನ್ನಲ್ಲ. ಒಂದೇ ಕೊಡು. ನಮ್ ಮೆಂಬರ್‌ಗಳ ಪಾಲು ಅಂತ ಮೇಲೆ ಸೇರ್ಸಿರ್ತೀಯಲ್ಲ, ಅದ ತೆಗ್ದು ಬರಿ."

ರವಿ ನೆಲ ನೋಡಿದ. ಸೇರಿಸಿದ್ದ ಅಂತ ನನಗೆ ಆಗಲೇ ಗೊತ್ತಾದದ್ದು.

ಹೊರಡುತ್ತೇವೆ ಅಂದೆವು. ಬಿಡಲಿಲ್ಲ. "ಸಂಜೆ ಬಸ್ ಬರೋಗಂಟ ಇರಿ" ಅಂದರು. ಉಂಡು, ಮಲಗೆದ್ದು, ಕಾಫಿ ಕುಡಿದು, ಹೊತ್ತು ಮುಳುಗುವಾಗ ನಮ್ಮಿಬ್ಬರನ್ನೂ ಬಸ್ಸು ನಿಲ್ಲುವಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಆಗಲೇ ನಾಲ್ಕಾರು ಹೆಂಗಸರು ಟಾರ್ಚ್ ಹಿಡಿದು ನಿಂತಿದ್ದರು. ಅವರಲ್ಲಿ ತಾಯಮ್ಮ ಒಬ್ಬಳು. ಬುದ್ಧ ವಿಹಾರದ ಪಕ್ಕದ ಮನೆಯವಳು, ನನ್ನ ಜೊತೆ ಮೂರನೇ ಕ್ಲಾಸಿನವರೆಗೂ ಓದಿದವಳು. ಅವಳ ಮಗಳು ಚೈತ್ರ ಡಿಗ್ರಿ ಮಾಡುತ್ತಿದ್ದಾಳೆ. ಕಾಲೇಜು ಮುಗಿಸಿ ಮಳವಳ್ಳಿಯಲ್ಲೇ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಾಳೆ. ಊರಿನ ಇನ್ನೂ ಕೆಲವು ಹುಡುಗಿಯರಿಗೂ ಅದೇ ಕ್ಲಾಸು, ಭಾನುವಾರವೂ.

ಬಸ್ಸು ಬಂತು. ಹುಡುಗಿಯರು ಇಳಿದರು. ಟಾರ್ಚಿನ ಹಿಂದೆ ಸಾಲಾಗಿ ಹೊರಟೆವು. ಯಾರೂ ಮಾತಾಡುತ್ತಿರಲಿಲ್ಲ. ಕಬ್ಬಿನ ಒಳಗೆ ಏನೋ ಸರಕ್ ಅಂದಾಗ ಎಲ್ಲ ಟಾರ್ಚೂ ಒಟ್ಟಿಗೆ ಆ ಕಡೆ ತಿರುಗಿದವು. ನಾಯಿ.

ತಾಯಮ್ಮ ನನ್ನ ಪಕ್ಕ ನಡೆಯುತ್ತಾ ಹೇಳಿದಳು. "ಹಾಲ್ ಕರೆಯೋ ಒತ್ಗೆ ಸರ್ಯಾಗಿ ಬಸ್ಸು ಬತ್ತದೆ. ಎಮ್ಮೆ ಬುಟ್ಟು ಬರ್ಲಾ, ಮಗ್ಳ ಬುಟ್ಟು ಇರ್ಲಾ? ಮಳೆಗಾಲ ಕಳ್ಯೋವರ್ಗೂ ನೋಡ್ತೀನಿ ಕಣವ್ವ. ಆಮೇಕೂ ಇಂಗೇ ಇದ್ರೆ ಕ್ಲಾಸ್ ಬುಡಿಸ್ತೀನಿ." ಮುಂದೆ ನಡೆಯುತ್ತಿದ್ದ ಚೈತ್ರಳ ಬೆನ್ನು ನೆಟ್ಟಗಾದದ್ದು ನನಗೆ ಕಂಡಿತು. ಅವಳು ತಿರುಗಿ ನೋಡಲಿಲ್ಲ.

ಒಂದು ಕಂಬದ ಕೆಳಗೆ ತಾಯಮ್ಮ ಟಾರ್ಚ್ ಮೇಲಕ್ಕೆ ಹಿಡಿದಳು. ಸತ್ತ ದೀಪ. "ಇದ ಮಾರ್ದೋನು ಯಾರೋ ಏನೋ. ಅವ್ನ ಹೆಣ್‌ಮಕ್ಳು ಇಂಗೆ ಕತ್ಲಲ್ ಬರೋ ಅಂಗಾಗ್ದಿರ್ಲಿ."

ಶಾಪ ಹಾಕಿದ್ದರೆ ಸಹಿಸಬಹುದಿತ್ತು. ಅವಳು ಹರಸಿಬಿಟ್ಟಳು. ರವಿ ಆ ಕಂಬದ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ.

ವಾಪಸ್ ಬರುವಾಗ ಮಳವಳ್ಳಿ ದಾಟಿದ ಮೇಲೆ ಅವನು ವ್ಯಾನಿನ ವೇಗ ತಗ್ಗಿಸಿದ. ಆಮೇಲೆ ಅಂದ, "ಅತ್ತಿಗೆ, ಆ ದೀಪ ನಂದೇ."

ಹಿಂದಿನ ಅವಧಿಯಲ್ಲಿ ಅವನೇ ಮಾರಿದ್ದಂತೆ. ಬೇರೆಯವರ ಮೂಲಕ ಹೋದ ಆರ್ಡರು, ಯಾವ ಊರಿಗೆ ಅಂತಲೂ ಸರಿಯಾಗಿ ನೆನಪಿರಲಿಲ್ಲವಂತೆ, ಟಾರ್ಚಿನ ಬೆಳಕಿನಲ್ಲಿ ಕಂಡಮೇಲೆ ಗುರುತು ಹತ್ತಿತಂತೆ. "ರೇಟಲ್ಲಿ ಅವ್ರಿಗಿಷ್ಟು ಇವ್ರಿಗಿಷ್ಟು ಅಂತ ತೆಗ್ದಿಟ್ಟು, ಮಿಕ್ಕಿದ್ರಲ್ಲಿ ಅಂಥ ದೀಪಾನೇ ಬರೋದು. ಒಳ್ಳೇದು ಎಲ್ಲಿಂದ್ ತರ್ಲಿ? ನನ್ ಮನೆಗೆ ಅದ್ನ ಹಾಕಲ್ಲ ನಾನು."

ನನಗೆ ಬೈಯಲು ಬಾಯಿ ಬರಲಿಲ್ಲ. (ನನ್ನ ಮಟ್ಟಿಗೆ ಇದು ಅಪರೂಪ.)

ಯೋಚಿಸಿ ನೋಡಿ. ಮನೆಗೆ ಒಂದು ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಬೆಂಡೆಕಾಯಿಯ ತುದಿ ಮುರಿಯುತ್ತೇವೆ. ಕಲ್ಲಂಗಡಿಯನ್ನು ತಟ್ಟಿ ನೋಡುತ್ತೇವೆ. ಊರಿಗೆಲ್ಲ ಬೇಕಾದ ದೀಪ, ಪೈಪು, ಮೋಟಾರು ಕೊಳ್ಳುವಾಗ ಮಾತ್ರ ಮೂರು ಕಾಗದ ಇವೆಯಾ ಅಂತ ನೋಡಿ ಸೀಲು ಹೊಡೆಯುತ್ತೇವೆ. ಕಾನೂನು ಮೂರು ಅಂಗಡಿಯನ್ನು ಕೇಳು ಅಂದಿತ್ತು. ನಾವು ಮೂರು ಕಾಗದ ಜೋಡಿಸು ಅಂತ ಅರ್ಥ ಮಾಡಿಕೊಂಡೆವು. ಯಾರೂ ಕದ್ದಿಲ್ಲ, ಎಲ್ಲರೂ ಪದ್ಧತಿ ಪಾಲಿಸಿದರು, ರಸ್ತೆ ಕತ್ತಲಾಯಿತು.

ಈಗ ಥ್ಯಾಂಕ್ಸ್ ಹೇಳುವ ಭಾಗ.

ಜಯತ್ತಿಗೆ ಕಾಗದ ತರಿಸಿ ಸುಮ್ಮನಾಗಲಿಲ್ಲ. ಮೀಟಿಂಗಿನಲ್ಲಿ ಕೇಳಿದರಂತೆ, "ಸೀರೆ ತಗಳಾಗ ಅಂಗ್ಡಿ ಒರ್ಗೆ ಬಿಸ್ಲಿಗಿಡಿದು ನೋಡಲ್ವಾ? ದೀಪಾನೂ ಕಂಬಕ್ ಕಟ್ಟಿ ನೋಡಾನ." ಪ್ರತಿ ಅಂಗಡಿಯವರೂ ಒಂದೊಂದು ದೀಪ ತಂದು ಆ ರಸ್ತೆಯ ಒಂದೊಂದು ಕಂಬಕ್ಕೆ ಹಾಕಬೇಕು. ಮಳೆ ಬೀಳಲಿ, ಗಾಳಿ ಬೀಸಲಿ, ಆ ವೋಲ್ಟೇಜೂ ಬರಲಿ. ಕೆಡದೆ ಉಳಿದ ದೀಪಗಳಲ್ಲಿ ಯಾರ ರೇಟು ಕಡಿಮೆಯೋ ಅವರಿಗೆ ಆರ್ಡರು.

ಪಂಚಾಯಿತಿಯ ಪಿಡಿಒ ಚಿಕ್ಕ ವಯಸ್ಸಿನ ಅಧಿಕಾರಿ. ಮೊದಲು ಬೆವರಿದರು. ಮೇಲಿನವರನ್ನು ವಿಚಾರಿಸಿ ಬರುತ್ತೇನೆ ಅಂತ ಹೋದರು. ಮಾಲು ಪರೀಕ್ಷೆ ಮಾಡಿ ಕೊಳ್ಳಬಾರದು ಅಂತ ಎಲ್ಲೂ ಇಲ್ಲ ಅಂತ ತಿಳಿದುಕೊಂಡು ಬಂದಮೇಲೆ ಅವರದೇ ಹೆಚ್ಚು ಉತ್ಸಾಹ. ನೋಟಿಸನ್ನು ಆಫೀಸಿನ ಬೋರ್ಡಿಗೆ ಅಂಟಿಸಿದ್ದು ಸಾಲದು ಅಂತ ಹಾಲಿನ ಡೈರಿಗೂ ಅಂಟಿಸಿ, ಜನ ಹಾಲು ಹಾಕುವ ಹೊತ್ತಿನಲ್ಲಿ ತಾವೇ ನಿಂತು ಓದಿದರಂತೆ. "ಈ ಸಲ ಆಡಿಟ್‌ನವರು ಬಂದ್ರೆ ನಾನೇ ಕುರ್ಚಿ ಹಾಕಿ ಕೂರಿಸ್ತೀನಿ ಮೇಡಂ" ಅಂತ ನನ್ನ ಹತ್ತಿರವೇ ಹೇಳಿದರು. ಪಾಪ, ಆ ಮನುಷ್ಯ ಇಷ್ಟು ದಿನ ಎಷ್ಟು ಹೆದರಿಕೊಂಡು ಸಹಿ ಹಾಕುತ್ತಿದ್ದರೋ.

ಮೂರು ಅಂಗಡಿಯವರು ನಿಜವಾಗಿಯೂ ಬಂದರು, ಬೇರೆ ಬೇರೆಯಾಗಿ ಬಂದರು. ಮೂರು ಕಂಬಕ್ಕೆ ಮೂರು ದೀಪ. ಕಂಬಗಳಿಗೆ ಕೆಂಪು, ಹಳದಿ, ಹಸಿರು ಪಟ್ಟಿ ಬಳಿದರು. ಯಾವ ಬಣ್ಣ ಯಾರ ಅಂಗಡಿಯದು ಅಂತ ಪಿಡಿಒಗೆ ಮಾತ್ರ ಗೊತ್ತು. ಊರಿನಲ್ಲಿ ಅದೇ ಮಾತು. ಡೈರಿಯ ಮುಂದೆ ನಿಂತರೆ ಹಳದಿ ಒಳ್ಳೇದು, ಹಸಿರು ಒಳ್ಳೇದು ಅಂತ ಜಗಳ. ಎಲೆಕ್ಷನ್ನಿನಲ್ಲೂ ಇಷ್ಟು ಜಗಳ ನಾನು ನೋಡಿಲ್ಲ.

ಎಲ್ಲರಿಗೂ ಖುಷಿಯಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೂರು ಕಂಬ ಬಿಟ್ಟರೆ ಮಿಕ್ಕ ರಸ್ತೆ ಕತ್ತಲೆಯೇ ತಾನೆ? "ಪರೀಕ್ಷೆ ನಿಮ್ಗೆ, ಕತ್ಲೆ ನಮ್ಗೆ" ಅಂತ ತಾಯಮ್ಮ ಜಯತ್ತಿಗೆಯ ಮುಖಕ್ಕೇ ಅಂದಳು. ನ್ಯಾಯವಾದ ಮಾತು. ಮಾರನೆಯ ಸಂಜೆಯಿಂದ ಬಸ್ಸಿನ ಹೊತ್ತಿಗೆ ಜಯತ್ತಿಗೆಯೇ ಟಾರ್ಚ್ ಹಿಡಿದು ಹೋಗತೊಡಗಿದರು. ತಾಯಮ್ಮ ನಿಶ್ಚಿಂತೆಯಾಗಿ ಹಾಲು ಕರೆದಳು. ಅಧ್ಯಕ್ಷೆ ಕೊಡೆ ಹಿಡಿದು, ಸೀರೆ ಎತ್ತಿ ಕಟ್ಟಿ, ಮಳೆಯಲ್ಲಿ ಹುಡುಗಿಯರನ್ನು ಮನೆಮನೆಗೆ ಬಿಟ್ಟು ಬಂದರು. ಇಡೀ ಮಳೆಗಾಲ.

ಆ ದಿನಗಳಲ್ಲೇ ಮೆಂಬರ್ ಒಬ್ಬರು ಮನೆಗೆ ಬಂದು ಪೀಠಿಕೆ ಹಾಕಿದರಂತೆ. "ಜಯಕ್ಕ, ಎಲ್ಲಾ ಸರಿ. ಆದ್ರೆ ನಮ್ದೂ ಅಂತ ಒಂಚೂರು..." ಜಯತ್ತಿಗೆ ಗೋಡೆಗೆ ತೂಗುಹಾಕಿದ್ದ ಟಾರ್ಚ್ ತಂದು ಅವರ ಕೈಗಿಟ್ಟರು. "ತಗೊ. ನಾಳಿಂದ ಬಸ್ಸಿಗೆ ನೀನ್ ಓಗು." ಅವರು ಟಾರ್ಚನ್ನು ಮೆಲ್ಲಗೆ ಜಗಲಿಯ ಮೇಲಿಟ್ಟು ಕಾಫಿ ಕುಡಿದು ಹೋದರಂತೆ. ಆಮೇಲೆ ಆ ಮಾತು ಎದ್ದಿಲ್ಲ.

ಕೆಂಪು ಕಂಬದ ದೀಪ ಮೊದಲ ಜೋರು ಮಳೆಗೇ ಕಣ್ಣು ಮಿಟುಕಿಸಿ ಮಲಗಿತು. ಹಳದಿ, ಹಸಿರು ಎರಡೂ ಗೆದ್ದವು. ಗಣೇಶನ ಹಬ್ಬ ಕಳೆದಮೇಲೆ ಗ್ರಾಮಸಭೆಯಲ್ಲಿ ರೇಟಿನ ಕವರು ಒಡೆದರು. ಹಸಿರು ನಮ್ಮ ರವಿಯದು. ಹಳದಿ ಮಂಡ್ಯದವರದು, ಅದೇ ಲೆಟರ್‌ಹೆಡ್ಡಿನ ಮನುಷ್ಯ. ಹಳದಿಯ ರೇಟು ಕಡಿಮೆ ಇತ್ತು. ಆರ್ಡರ್ ಮಂಡ್ಯಕ್ಕೆ ಹೋಯಿತು.

ಹೌದು, ನನ್ನ ಮೈದುನ ಸೋತ. ತಾನೇ ಚೀಲದಲ್ಲಿ ಹಾಕಿಕೊಂಡು ಹೋದ ಸುಳ್ಳು ಎದುರಾಳಿಯ ಮುಂದೆ ಸೋತ. ನನ್ನ ಗಂಡ "ನಿಮ್ಮ ಅತ್ತಿಗೆಗೆ ನೆಂಟಸ್ತಿಕೆ ಬೇಡ್ವಾ?" ಅಂತ ಕೇಳಿದರು. ಒಂದಷ್ಟು ದಿನ ನಮ್ಮ ಮನೆಯಲ್ಲೂ ವೋಲ್ಟೇಜು ಕಮ್ಮಿ ಇತ್ತು.

ಆದರೆ ರವಿ? ದೀಪ ಹಾಕುವ ದಿನ ನಾನೂ ಊರಿಗೆ ಹೋಗಿದ್ದೆ. ನೋಡಿದರೆ ರವಿಯ ವ್ಯಾನು ಅಲ್ಲಿ ನಿಂತಿದೆ. ತಾನೇ ಏಣಿ ಹತ್ತಿ, ತನ್ನ ಹಳೆಯ ಸತ್ತ ದೀಪಗಳನ್ನೆಲ್ಲ ಕಂಬದಿಂದ ಇಳಿಸಿ ವ್ಯಾನಿಗೆ ತುಂಬುತ್ತಿದ್ದಾನೆ. ಯಾರೂ ಹೇಳಿರಲಿಲ್ಲ. ಯಾಕೋ ಅಂದೆ. "ಕಂಬದ್ ಮೇಲೆ ನಮ್ ಮರ್ಯಾದೆ ನೇತಾಡ್ತಿತ್ತಲ್ಲ ಅತ್ತಿಗೆ" ಅಂದ. ಆಮೇಲೆ ದನಿ ತಗ್ಗಿಸಿ, "ನನ್ ಹಸಿರು ಕಂಬದ್ದು ನೋಡುದ್ರಾ? ಒಂದ್ ಹನಿ ನೀರೂ ಒಳಕ್ಕೋಗಿಲ್ಲ" ಅಂದ. ಸೋತವನ ಮುಖದಲ್ಲಿ ಅಂಥ ಹೆಮ್ಮೆ ನಾನು ನಿರೀಕ್ಷಿಸಿರಲಿಲ್ಲ. ಒಳ್ಳೆಯ ದೀಪ ಮಾರುವ ಅವಕಾಶವನ್ನು ಅವನಿಗೂ ಯಾರೂ ಕೊಟ್ಟಿರಲಿಲ್ಲ ಅಂತ ಆಗ ಹೊಳೆಯಿತು.

ಈಗ ಅವನು ಯಾರಿಗೂ ಲೆಟರ್‌ಹೆಡ್ ಕೊಡುವುದಿಲ್ಲ. ಜ್ಞಾನೋದಯವಾಯಿತು ಅಂತ ತಿಳಿಯಬೇಡಿ. "ಯಾರ್ ಕಂಡೋರು? ಇನ್ನೊಬ್ರು ಜಯಕ್ಕ ಇದ್ದು, ಫೋನ್ ಮಾಡ್ಬುಟ್ರೆ?" ಭಯದಿಂದ ಬಂದ ಪ್ರಾಮಾಣಿಕತೆಯೂ ಪ್ರಾಮಾಣಿಕತೆಯೇ. ನಾನು ಚೌಕಾಸಿ ಮಾಡುವುದಿಲ್ಲ.

ಮಂಡ್ಯದ ಆ ಅಂಗಡಿಯವರೂ ಅವತ್ತು ಬಂದಿದ್ದರು. ತಲೆ ನರೆತ, ಮೃದು ಮಾತಿನ ಮನುಷ್ಯ. ಕತ್ತಲಾಗುವ ತನಕ ಕಾದರು. ಸಾಲಾಗಿ ದೀಪ ಹತ್ತಿದಾಗ ಫೋನ್ ತೆಗೆದು ಫೋಟೋ ಹೊಡೆದುಕೊಂಡರು. "ಮನೆಯವಳಿಗೆ ತೋರಿಸ್ಬೇಕು. ನಮ್ಮ ಅಂಗಡಿ ಹೆಸರು ಎಷ್ಟೋ ಪಂಚಾಯ್ತಿ ಫೈಲಲ್ಲಿದೆ. ದೀಪ ಇರೋದು ಇದೊಂದೇ ಊರಲ್ಲಿ" ಅಂದರು. ರವಿ ಅವರ ಪಕ್ಕದಲ್ಲೇ ನಿಂತಿದ್ದ. ಇಬ್ಬರೂ ಒಟ್ಟಿಗೆ ವಡೆ ತಿಂದರು. (ಈ ಸಲ ಬೇರೆ ಚೀಲದಲ್ಲಿ ತಂದಿದ್ದ.)

ಹಾಗಾಗಿ ಥ್ಯಾಂಕ್ಸ್. ಫೋನ್ ಮಾಡಿದ ಜಯತ್ತಿಗೆಗೆ. ಸುಳ್ಳು ಹೇಳದೆ 'ನನ್ನ ರೇಟು ನನಗೇ ಗೊತ್ತಿಲ್ಲ' ಅಂತ ಒಪ್ಪಿಕೊಂಡ ಮಂಡ್ಯದವರಿಗೆ. ಡೈರಿಯಲ್ಲಿ ನೋಟಿಸು ಓದಿದ ಪಿಡಿಒಗೆ. ಸೋತರೂ ಏಣಿ ಹತ್ತಿದ ನನ್ನ ಮೈದುನನಿಗೆ. ಸರಿಯಾದ ಹೊತ್ತಿಗೆ ಎಣ್ಣೆ ಬಿಟ್ಟ ಆ ವಡೆಗೆ. ನನಗೆ ಮನಸ್ಸು ತುಂಬಿ ಬಂದಿದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಆಸೆಯಿಲ್ಲ.

ಮೊನ್ನೆ ಸಂಜೆ ಬಸ್ಸಿಗೇ ಊರಿಗೆ ಹೋದೆ. ಚೈತ್ರಳೂ ಅದೇ ಬಸ್ಸಿನಲ್ಲಿದ್ದಳು. ಕಂಪ್ಯೂಟರ್ ಕ್ಲಾಸಿನ ಪರೀಕ್ಷೆ ಮುಂದಿನ ತಿಂಗಳಂತೆ. ಇಳಿದು ನಾನು ಅಭ್ಯಾಸಬಲದಿಂದ ಸುತ್ತ ನೋಡಿದೆ. ಟಾರ್ಚ್ ಹಿಡಿದವರು ಒಬ್ಬರೂ ಇಲ್ಲ. ಜಯತ್ತಿಗೆಯೂ ಇಲ್ಲ. ಹುಡುಗಿಯರು ಬೆಳಕಿನಲ್ಲಿ ಜೋರಾಗಿ ಹರಟುತ್ತಾ ಆಗಲೇ ಮುಂದೆ ಹೋಗಿದ್ದರು.

"ಅಮ್ಮ ಬರ್ಲಿಲ್ವೇನೇ?" ಅಂತ ಚೈತ್ರಳನ್ನು ಕೇಳಿದೆ.

ಅವಳು ನಾನೇನೋ ವಿಚಿತ್ರವಾದದ್ದು ಕೇಳಿದೆ ಅನ್ನುವ ಹಾಗೆ ನನ್ನ ಕಡೆ ತಿರುಗಿದಳು.

"ಯಾಕತ್ತೆ? ಅಮ್ಮ ಯಾಕ್ ಬರ್ಬೇಕು?"